ಹನುಮಕ್ಕ ನಮ್ಮವಳಲ್ಲ ಎಂದು ಬರೆದ ಅಪ್ಪನಿಗೆ

ಅಪ್ಪ,

‘ತೀರ್ಥರೂಪರಿಗೆ’ ಎಂದು ಶುರು ಮಾಡಲು ಹೋದೆ, ಕೈ ಬರಲಿಲ್ಲ. ನೀನು ತೀರಿಹೋಗಿ ಎಂಟು ತಿಂಗಳಾಯಿತು. ನ್ಯೂಜೆರ್ಸಿಯ ಪಿಸ್ಕಾಟವೇ ಮನೆ ಖಾಲಿ ಮಾಡುವಾಗ ನಿನ್ನ ಹಳೇ ವೀಸಾ ಕಾಗದಗಳ ಫೈಲಿನಲ್ಲಿ ಒಂದು ಲಕೋಟೆ ಸಿಕ್ಕಿತು. ಹರಿದು ಹಾಕಬಹುದಿತ್ತಲ್ಲ, ಯಾಕೆ ಇಟ್ಟುಕೊಂಡಿದ್ದೆ?

ರತ್ನತ್ತೆ ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದ ಭಾನುವಾರಗಳು ನೆನಪಾದವು. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ನೋಡಿಕೊಳ್ಳಲು ನೀನು ಊರಿಂದ ಕರೆಸಿಕೊಂಡ ನಿನ್ನ ಒಬ್ಬಳೇ ಅಕ್ಕ. ಅವಳದು ಯಾವಾಗಲೂ ಅದೇ ಮಾತು. ತನ್ನಜ್ಜಿ ಕೆಂಚಮ್ಮನ ಅಮ್ಮ ಹನುಮಕ್ಕ ಹಗ್ಗದ ಮೇಲೆ ನಡೆಯುವವಳಂತೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಯಾವನೋ ದೊರೆ ಅವಳ ಆಟ ನೋಡಿ, ಸರ್ಕಸ್ಸಿಗೆ ಸೇರಿಸಲು ಹಡಗು ಹತ್ತಿಸಿಕೊಂಡು ಹೋದನಂತೆ. ಎರಡು ವರ್ಷದ ಕೆಂಚಮ್ಮನನ್ನು ತಂಗಿಯ ಕೈಗೆ ಕೊಟ್ಟು ಹೋದವಳು ತಿರುಗಿ ಬರಲೇ ಇಲ್ಲವಂತೆ. ಗ್ಯಾರೇಜಿನ ಬಾಗಿಲ ಸದ್ದಾದರೆ ಅತ್ತೆ ಮಾತು ನಿಲ್ಲಿಸಿಬಿಡುತ್ತಿದ್ದಳು. ನಾವು ದೊಂಬರು ಎಂದು ನನಗೆ ತಿಳಿದದ್ದೂ ಅವಳಿಂದಲೇ.

ಬ್ರಿಡ್ಜ್‌ವಾಟರ್ ದೇವಸ್ಥಾನದಲ್ಲಿ ಊಟಕ್ಕೆ ಕೂತಿದ್ದಾಗ ಒಬ್ಬ ಅಂಕಲ್ ರಾಜಕೀಯ ಮಾತಾಡುತ್ತಾ ಎಲ್ಲಾ ಬರೀ ದೊಂಬರಾಟ ಅಂದರು. ಎಲ್ಲರಿಗಿಂತ ಜೋರಾಗಿ ನಕ್ಕವನು ನೀನು. ಶಾಲೆಯಲ್ಲಿ ನಿನ್ನನ್ನು ಬೇರೆ ಕೂರಿಸುತ್ತಿದ್ದರು ಅಂತ ಅತ್ತೆ ಹೇಳಿದ್ದಳು. ಅಲ್ಲಿಂದ ಎಂಜಿನಿಯರ್ ಆಗಿ ಇಲ್ಲಿಯವರೆಗೆ ಬಂದವನಿಗೆ ಹೆದರಿಕೆ ಇದ್ದಿರಬೇಕು. ಒಪ್ಪುತ್ತೇನೆ ಅಪ್ಪ. ಆ ನಗುವನ್ನೂ ಒಪ್ಪಿಬಿಡುತ್ತಿದ್ದೆನೇನೋ. ಆದರೆ ಅತ್ತೆಗೆ ನೀನು ಮಾಡಿದ್ದು…

ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ ದಿನ ನನಗೆ ಹದಿನಾರು. ಒಲೆ ಆರಿಸುವುದನ್ನು ಮರೆಯುತ್ತಿದ್ದಳು, ದಾರಿ ತಪ್ಪುತ್ತಿದ್ದಳು, ಅದು ನಿಜ. ಹಳೆಯದು ಏನಾದರೂ ನೆನಪಿದೆಯಾ ಎಂದು ಡಾಕ್ಟರು ಕೇಳಿದರು. ಅತ್ತೆಯ ಮುಖ ಅರಳಿತು. ನೆಟ್ಟಗೆ ಕೂತು ಹನುಮಕ್ಕನ ಕಥೆ ಶುರುವಿಂದ ಕೊನೆಯವರೆಗೆ ಒಂದೂ ತಪ್ಪದೆ ಹೇಳಿದಳು. ನೀನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಕೊನೆಗೆ ಅಷ್ಟೇ ಸಮಾಧಾನದಿಂದ ಅಂದೆ:

“ಇದ್ಯಾವುದೂ ನಡೆದಿಲ್ಲ ಡಾಕ್ಟರ್. ನಮ್ಮ ವಂಶದಲ್ಲಿ ಅಂಥವಳು ಇರಲೇ ಇಲ್ಲ. ಇವಳಿಗೆ ಭ್ರಮೆ.”

ಡಾಕ್ಟರು ನಿನ್ನ ಮಾತು ನಂಬಿ ಬರೆದುಕೊಂಡರು. ನಂಬದೆ ಇನ್ನೇನು ಮಾಡಿಯಾರು? ಎರಡೂ ಭಾಷೆ ಬರುತ್ತಿದ್ದ ನಾನೂ ಸುಮ್ಮನೆ ಕೂತಿದ್ದೆ. ಆಮೇಲೆ ಮಾತ್ರೆಗಳು ಬಂದವು. ಅತ್ತೆ ಹಗಲೆಲ್ಲ ಮಲಗಿರುತ್ತಿದ್ದಳು. ಒಂದು ಸಲ ನಾನೇ ಹನುಮಕ್ಕನ ಹೆಸರೆತ್ತಿದೆ. “ಅದು ಸುಳ್ಳಂತೆ ಕಣೇ, ನಾನೇ ಕಟ್ಟಿದ್ದಂತೆ,” ಅಂದು ಗೋಡೆಗೆ ಮುಖ ಮಾಡಿದಳು. ಎರಡು ವರ್ಷಕ್ಕೆ ಹೋಗಿಬಿಟ್ಟಳು.

ಲಕೋಟೆ ಬಿಡಿಸಿದಾಗ ಮೊದಲು ಕೈಗೆ ಬಂದದ್ದು ಒಂದು ಫೋಟೋದ ನಕಲು. ಮೈಗಂಟುವ ಬಟ್ಟೆ ತೊಟ್ಟ, ಕೈಯಲ್ಲಿ ಉದ್ದದ ಬಿದಿರು ಹಿಡಿದ ಹೆಂಗಸು. ಮೂಗು ಅತ್ತೆಯದೇ. ಹಿಂಬದಿಯ ಬರಹದ ನಕಲೂ ಇತ್ತು, ಯಾರ ಕೈಲೋ ಬರೆಸಿದ ಕನ್ನಡ: ನಮ್ಮೂರಿನ ಹೆಸರು, ಕೆಳಗೆ ‘ಮಗಳು ಕೆಂಚಮ್ಮನಿಗೆ, ಹನುಮಕ್ಕ’. ಜೊತೆಗೆ ಇಲ್ಲೇ ಹತ್ತಿರದ ನೆವಾರ್ಕಿನ ಗ್ಲೋರಿಯಾ ಎಂಬಾಕೆ ನಿನಗೆ ಬರೆದ ಕಾಗದ. ಹನುಮಕ್ಕ ತನ್ನ ಅಜ್ಜನ ತಾಯಿ, ಇಂಗ್ಲೆಂಡಿನ ಸರ್ಕಸ್ಸಿನಿಂದ ಅಮೆರಿಕಕ್ಕೆ ಬಂದು ಇಲ್ಲೇ ಮದುವೆಯಾದವಳು, ಈ ಫೋಟೋ ಯಾಕೋ ಕಳಿಸದೇ ಉಳಿಯಿತು ಎಂದು ಬರೆದಿದ್ದಳು. ಅಕ್ಷರ ಓದಿಸಲು ನ್ಯೂಯಾರ್ಕಿನ ಫ್ಲಶಿಂಗ್ ದೇವಸ್ಥಾನದ ಕ್ಯಾಂಟೀನಿಗೆ ಹೋಗಿ ಟೇಬಲ್ಲಿನಿಂದ ಟೇಬಲ್ಲಿಗೆ ಕೇಳಿದ್ದಳಂತೆ. ಅಲ್ಲಿ ಯಾರೋ ಊರಿನ ಹೆಸರು ನೋಡಿ ನಿನ್ನ ವಿಳಾಸ ಕೊಟ್ಟಿದ್ದರು. ಅದರ ಹಿಂದೆ ನಿನ್ನ ಉತ್ತರದ ಪ್ರತಿ, ಎರಡೇ ಸಾಲು. ಈ ಹೆಂಗಸು ನಮ್ಮವಳಲ್ಲ, ಮತ್ತೆ ಬರೆಯಬೇಡಿ.

ಉತ್ತರದ ತಾರೀಖು ನೋಡಿದೆ. ಅತ್ತೆಯನ್ನು ಡಾಕ್ಟರಿಗೆ ತೋರಿಸುವುದಕ್ಕೆ ನಾಲ್ಕು ತಿಂಗಳು ಮುಂಚಿನದು. ಅಂದರೆ ಆ ರೂಮಿನಲ್ಲಿ ಅವಳ ಪಕ್ಕ ಕೂತಾಗ ನಿನಗೆ ಎಲ್ಲ ಗೊತ್ತಿತ್ತು. ಆ ಫೋಟೋ ಒಂದು ಸಲ ಅವಳ ಕೈಗೆ ಕೊಡಬಾರದಿತ್ತಾ? ಬಾಗಿಲು ಹಾಕಿಕೊಂಡು, ಯಾರಿಗೂ ಹೇಳಬೇಡ ಅಂತಲಾದರೂ…

ಹೋದ ತಿಂಗಳು ಗ್ಲೋರಿಯಾಗೆ ಫೋನ್ ಮಾಡಿದೆ. ಇಪ್ಪತ್ತೆರಡು ವರ್ಷವಾದರೂ ಅದೇ ನಂಬರು. ಸ್ಕೂಲ್ ಬಸ್ ಓಡಿಸಿ ರಿಟೈರ್ ಆದ ಕಪ್ಪು ಅಮೆರಿಕನ್ ಹೆಂಗಸು, ನಿನಗೆ ತಂಗಿಯಾಗಬೇಕು, ನನಗೆ ಅತ್ತೆ. ಮನೆಗೆ ಬಂದಳು. ಹನುಮಕ್ಕ ಸಾಯುವವರೆಗೂ ಬಂದರಿನಲ್ಲಿ ನಮ್ಮ ಕಡೆಯ ಹಡಗಿನಾಳು ಕಂಡರೆ ನಿಲ್ಲಿಸಿ, ಕೆಂಚಮ್ಮ ಬದುಕಿದ್ದಾಳಾ ಎಂದು ಕೇಳುತ್ತಿದ್ದಳಂತೆ. ಕಾಫಿ ಕುಡಿಯುತ್ತಾ ಕೇಳಿದಳು, “ನಿಮ್ಮಪ್ಪನಿಗೆ ನಿಜವಾಗಿಯೂ ಗೊತ್ತಿರಲಿಲ್ಲವಾ?”

ಗೊತ್ತಿತ್ತು ಅಂದೆ. ನಿನ್ನ ಪರವಾಗಿ ಸುಳ್ಳು ಹೇಳಲು ಆಗಲಿಲ್ಲ.

ಹನುಮಕ್ಕನನ್ನು ಹೂಳಿದ್ದು ನೆವಾರ್ಕಿನಲ್ಲಿ. ನೀನು ಮೂವತ್ತು ವರ್ಷ ಆಫೀಸಿಗೆ ಕಮ್ಯೂಟ್ ಮಾಡಿದ ರಸ್ತೆಯ ಪಕ್ಕದ ಸ್ಮಶಾನ. ಅವಳಿಗೆ ಕಲ್ಲಿಲ್ಲ. ಬರುವ ತಿಂಗಳು ನಾವಿಬ್ಬರೂ ಸೇರಿ ಹಾಕಿಸುತ್ತಿದ್ದೇವೆ. ಮಗಳು ಕೆಂಚಮ್ಮನ ಹೆಸರು, ಇಲ್ಲಿ ಹುಟ್ಟಿದ ಮಗನ ಹೆಸರು, ಕೆಳಗೆ ಎರಡೂ ಕಡೆಯಿಂದ ಒಬ್ಬೊಬ್ಬರದು. ನಮ್ಮ ಕಡೆಯಿಂದ ನಿನ್ನದು ಹಾಕಿಸೋಣವಾ ಎಂದು ಗ್ಲೋರಿಯಾ ಕೇಳಿದಳು.

ಬೇಡ ಅಂದೆ. ‘ಮರಿಮಗಳು ರತ್ನ’ ಅಂತ ಬರೆದುಕೊಟ್ಟೆ.