ಮೂರು ಗಂಟೆಯ ಎಣಿಕೆ

ನಾಸಿಕ
ಸೋಮವಾರ, 9 ಮಾರ್ಚ್ 2026

ಪ್ರೀತಿಯ ಮಗಳು ಪ್ರಜ್ಞಾಳಿಗೆ ಅಮ್ಮನ ಆಶೀರ್ವಾದಗಳು.

ಇಲ್ಲಿ ಹೋಟೆಲು, ನಿನ್ನ ಅಪ್ಪ, ನನ್ನ ಮಂಡಿನೋವು ಎಲ್ಲವೂ ನೀನು ಬಿಟ್ಟುಹೋದ ಹಾಗೇ ಇವೆ. ಫೋನಿನಲ್ಲಿ ಹೇಳೋಣವೆಂದರೆ ಮೀಟಿಂಗ್ ಇದೆ, ಆಮೇಲೆ ಮಾಡ್ತೇನೆ ಎಂದು ಇಟ್ಟುಬಿಡುತ್ತೀ. ಕನ್ನಡ ಓದಲು ನಿನಗೆ ಹೊತ್ತು ಹಿಡಿಯುತ್ತದೆ ಎಂದು ಗೊತ್ತಿದ್ದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದು. ನಡುವೆ ಸಿಟ್ಟು ಬಂದರೂ ಕೊನೆಯವರೆಗೆ ಓದು, ಬೇರೆಯವರ ಕೈಯಲ್ಲಿ ಓದಿಸಬೇಡ.

ವಿಷಯಕ್ಕೆ ಬರುತ್ತೇನೆ. ಇದೇ 24ಕ್ಕೆ ಪಕ್ಷಿಧಾಮದ ಪಕ್ಕದ ಊರಿನಲ್ಲಿ ಸಾರ್ವಜನಿಕ ಅಹವಾಲು ಸಭೆ ಇದೆ. ಹಿನ್ನೀರಿನ ಅಂಚಿನಲ್ಲಿ, ಪಕ್ಷಿಧಾಮದ ಗಡಿಗೆ ತಾಗಿಕೊಂಡೇ, ಮುನ್ನೂರು ಬಂಗಲೆ, ಬೋಟು ನಿಲ್ದಾಣ, ಹೆಲಿಕಾಪ್ಟರ್ ಇಳಿಯುವ ಜಾಗ ಎಲ್ಲ ಕಟ್ಟುತ್ತಾರಂತಲ್ಲ, ಅದರ ಸಭೆ. ನಾನು ಎದ್ದು ನಿಂತು ಬೇಡ ಎನ್ನುವವಳಿದ್ದೇನೆ. ಹೆಸರೂ ಕೊಟ್ಟಾಗಿದೆ. ಅವರಿಗಾಗಿ ನೀನು ಹಕ್ಕಿ ಎಣಿಸಿ ಕೊಟ್ಟ ವರದಿ ತಪ್ಪು ಎಂದು ಹೇಳದೆ ನನಗೆ ಬೇಡ ಎನ್ನಲು ಬರುವುದಿಲ್ಲ. ಅದಕ್ಕೇ ಈ ಕಾಗದ.

ವರದಿಯ ಮರಾಠಿ ಸಾರಾಂಶವನ್ನು ಗ್ರಾಮ ಪಂಚಾಯಿತಿಯಲ್ಲಿ ಇಟ್ಟಿದ್ದಾರೆ. ಹೋದ ಸೋಮವಾರ ಹೋಟೆಲಿಗೆ ರಜೆಯಲ್ಲವೇ, ನಾನೂ ಅಡುಗೆಮನೆಯ ಯಮನವ್ವನೂ ಹೋಗಿ ಓದಿ ಬಂದೆವು. ಡಿಸೆಂಬರಿನಲ್ಲಿ ಎರಡು ದಿನ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಎಣಿಸಿದರಂತೆ, ಸಿಕ್ಕ ಹಕ್ಕಿಗಳು ಮೂವತ್ತೇಳಂತೆ. ಕೆಳಗೆ ನಿನ್ನ ಸಹಿ. ಪ್ರ ಅಕ್ಷರದ ಬಾಲವನ್ನು ಎಳೆದು ಬರೆಯುವುದನ್ನು ನೀನು ಇನ್ನೂ ಬಿಟ್ಟಿಲ್ಲ.

ಮೂವತ್ತೇಳು! ನಗು ಬಂತು, ಆಮೇಲೆ ಬರಲಿಲ್ಲ. ಏಳು ವರ್ಷಗಳಿಂದ ಪ್ರತಿ ಸೋಮವಾರ ಬೆಳಗಾಗುವ ಹೊತ್ತಿಗೆ ನಾನು ಆ ದಂಡೆಯಲ್ಲಿ ಇರುತ್ತೇನೆ. ನನಗೆ ದುರ್ಬೀನು ಬೇಡ. ಇಡ್ಲಿ ತಟ್ಟೆಗೆ ಹದಿನಾರು ಕುಳಿ. ಮೂವತ್ತು ವರ್ಷ ಅದನ್ನೇ ನೋಡಿ ನೋಡಿ, ಯಾವ ಗುಂಪು ಕಂಡರೂ ಕಣ್ಣು ತಾನಾಗಿ ಹದಿನಾರರ ಲೆಕ್ಕದಲ್ಲಿ ತುಂಡು ಮಾಡಿಕೊಳ್ಳುತ್ತದೆ. ನೀನು ಬಂದ ವಾರದ ಸೋಮವಾರ ಬೂದು ಕೊಕ್ಕರೆಗಳು ತೊಂಬತ್ತು ತಟ್ಟೆ ಇದ್ದವು. ಅಂದರೆ ಸಾವಿರದ ನಾಲ್ಕು ನೂರಕ್ಕೂ ಮೇಲೆ. ಬಾತುಗಳ ಲೆಕ್ಕ ಬೇರೆ. ಎಲ್ಲ ತಾರೀಖು ಹಾಕಿ ಬರೆದಿಟ್ಟಿದ್ದೇನೆ, ಡೈರಿಗಳು ಏಳು.

ಆ ಕೊಕ್ಕರೆಗಳು ಇಡೀ ರಾತ್ರಿ ನೀರಿನಲ್ಲಿ ನಿಂತು, ಬಿಸಿಲೇರುತ್ತಿದ್ದ ಹಾಗೆ ಕಡಲೆ ಹೊಲಗಳಿಗೆ ಹೋಗಿಬಿಡುತ್ತವೆ. ಸಂಜೆಯಾಗದೆ ತಿರುಗಿ ಬರುವುದಿಲ್ಲ. ನೀವು ದಂಡೆ ಮುಟ್ಟಿದ್ದು ಎರಡೂ ದಿನ ಮಧ್ಯಾಹ್ನ ಮೂರಕ್ಕೆ. ಹೋಟೆಲಿನಲ್ಲಿ ಹುಟ್ಟಿ ಬೆಳೆದವಳು ನೀನು. ಮೂರು ಗಂಟೆಗೆ ನಮ್ಮಲ್ಲಿ ಯಾರಿರುತ್ತಾರೆ, ಹೇಳು? ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿ ನೆಲ ಒರೆಸುವ ಹೊತ್ತು ಅದು. ಆ ಹೊತ್ತಿಗೆ ಒಳಗೆ ಇಣುಕಿ, ಈ ಹೋಟೆಲಿಗೆ ಗಿರಾಕಿಗಳೇ ಇಲ್ಲ, ಮುಚ್ಚಿಬಿಡಿ ಎಂದು ಯಾರಾದರೂ ಬರೆದಿದ್ದರೆ ನೀನು ಸುಮ್ಮನಿರುತ್ತಿದ್ದೆಯಾ?

ತಡವಾಗಿದ್ದು ನನ್ನಿಂದಲೇ. ಅದನ್ನು ನಾನು ಮುಚ್ಚಿಡುವುದಿಲ್ಲ. ನೀವು ಐದು ಜನ ಬೆಳಿಗ್ಗೆ ಐದೂವರೆಗೇ ಜೀಪಿನಲ್ಲಿ ಬಂದಿದ್ದಿರಿ, ಒಂದು ಕಾಫಿ ಸಾಕು ಎಂದು ನಿಂತೇ ಇದ್ದಿರಿ. ಮಗಳ ಆಫೀಸಿನವರು ಮೊದಲ ಸಲ ಬಂದಿದ್ದಾರೆ ಎಂದು ನಾನು ಬಿಡಲಿಲ್ಲ. ನೀರುದೋಸೆ, ಅದು ಇಳಿಯುವ ಮೊದಲು ಗೋಳಿಬಜೆ, ಆಮೇಲೆ ಊಟಕ್ಕೇ ನಿಲ್ಲಿ ಎಂಬ ಒತ್ತಾಯ, ಮೇಲೆ ಹೆಸರುಬೇಳೆ ಪಾಯಸ. ಎರಡನೇ ದಿನವೂ ಅದೇ. ನಿನ್ನ ಸಾಹೇಬರು ಬೆಲ್ಟು ಸಡಿಲ ಮಾಡಿಕೊಂಡು, ತಾಯಿಯ ಕೈ ಊಟ ಬಿಟ್ಟು ಹೋಗುವುದು ಪಾಪ ಎಂದು ಮರಾಠಿಯಲ್ಲಿ ಹೇಳಿ ಇನ್ನೊಂದು ಲೋಟ ಪಾಯಸ ಕೇಳಿದರು. ಇದನ್ನೆಲ್ಲ ಸಭೆಯಲ್ಲಿ ಹೇಳುತ್ತೇನೆ, ಜನ ನಕ್ಕರೆ ನಗಲಿ.

ಆದರೆ ಎಣಿಕೆಯ ಹಾಳೆಯಲ್ಲಿ ಸಮಯದ ಕಾಲಂ ಮೊದಲೇ ಅಚ್ಚಾಗಿತ್ತು ಎಂದು ನನಗೆ ಗೊತ್ತು. ಆರರಿಂದ ಒಂಬತ್ತು ಎಂದಿದ್ದುದನ್ನು ನೀನು ಹೊಡೆದುಹಾಕಲಿಲ್ಲ. ಅಷ್ಟು ಪಾಲು ನಿನ್ನದು. ಅದನ್ನು ನಾನು ಹೊರಲಾರೆ, ಹೊರಬಾರದು ಕೂಡ.

ಅಪ್ಪನಿಗೆ ಹೇಳಿದಾಗ, ನಿಂಗೆ ಮಂಡೆ ಸಮ ಉಂಟಾ ಮಾರಾಯ್ತಿ, ಮಗಳ ಹೊಟ್ಟೆಗೆ ನೀನೇ ಹೊಡೀತಿಯಾ ಎಂದು ಹಾರಾಡಿದರು. ಮೂರು ದಿನದಿಂದ ಮುಖ ಊದಿಸಿಕೊಂಡು ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದಾರೆ. ಅವರ ಸಿಟ್ಟಿಗೆ ಇನ್ನೊಂದು ಕಾರಣವೂ ಇದೆ, ಅದು ಇರಲಿ. ಯಮನವ್ವ ಮಾತ್ರ ರುಬ್ಬುವುದನ್ನು ನಿಲ್ಲಿಸಿ, ಹುಡುಗಿ ಕೆಲಸ ಹ್ವಾದ್ರ ಇನ್ನೊಂದು ಸಿಗತೈತ್ರಿ ಅಕ್ಕಾರ, ಹೆಸರ ಹ್ವಾದ್ರ ಎಲ್ಲಿ ಹುಡಕೂದ್ರಿ ಎಂದಳು. ಬಿಜಾಪುರದಿಂದ ಬಂದು ಇಪ್ಪತ್ತು ವರ್ಷವಾದರೂ ಅವಳ ಮಾತಿನ ಖಾರ ಇಳಿದಿಲ್ಲ.

ಮಗಾ, ನಿನ್ನ ಕೆಲಸಕ್ಕೆ ಕುತ್ತು ಬರಬಹುದು. ಬರುವುದಿಲ್ಲ ಎಂದು ಸುಳ್ಳು ಸಮಾಧಾನ ಹೇಳಲಾರೆ. ಆದರೂ ಕೇಳುತ್ತೇನೆ: 24ರ ಒಳಗೆ ಎಣಿಸಿದ ಸಮಯ ತಪ್ಪಾಗಿದೆ ಎಂದು ನೀನೇ ಒಂದು ಪತ್ರ ಬರೆದು ಸಭೆಗೆ ಕೊಡು. ನೀನು ಹೇಳಿದರೆ ಅದು ತಿದ್ದುಪಡಿ, ನಾನು ಹೇಳಿದರೆ ಆರೋಪ. ಕೊಡದಿದ್ದರೂ ನಾನು ಹೇಳುವುದನ್ನು ಹೇಳುತ್ತೇನೆ. ಗೆಲ್ಲುತ್ತೇವೆ ಎಂದೂ ನನಗೆ ಅನ್ನಿಸುತ್ತದೆ. ಮೀನು ಹಿಡಿಯುವವರು, ಕಡಲೆ ಬೆಳೆಯುವವರು ಎಲ್ಲ ಬರುತ್ತಿದ್ದಾರೆ, ಏಳು ಡೈರಿಗಳ ಜೆರಾಕ್ಸ್ ಆಗಿದೆ. ಸಭೆ ಹತ್ತೂವರೆಗೆ. ನೀನಿರುವ ಸಂಭಾಜಿನಗರದಿಂದ ಬೆಳಗಿನ ಮೊದಲ ಬಸ್ಸು ಹಿಡಿದರೆ ಸರಿಯಾಗಿ ಮುಟ್ಟುತ್ತೀ. ನೀನು ಬರುತ್ತೀ. ಚಿಕ್ಕವಳಿದ್ದಾಗ ಪಕ್ಕದವಳ ಉತ್ತರ ನೋಡಿ ಬರೆದೆನೆಂದು ನೀನೇ ಟೀಚರ ಬಳಿ ಹೋಗಿ ಹೇಳಿ, ಅಂಕ ಕಳೆಸಿಕೊಂಡು ಬಂದ ಹುಡುಗಿ ನನಗೆ ಗೊತ್ತು.

ಹೊಟ್ಟೆ ತುಂಬ ಊಟ ಮಾಡು, ಕಾಫಿ ಕುಡಿದೇ ದಿನ ಕಳೆಯಬೇಡ.

ನಿನ್ನ ಅಮ್ಮ,
ಮನೋರಮಾ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಆ ಎರಡು ದಿನ ನಿಮ್ಮನ್ನು ಕೂರಿಸಿಕೊಂಡದ್ದು ಬರೀ ಅಕ್ಕರೆಯಿಂದ ಎಂಬ ಹಾಗೆ ಮೇಲೆ ಬರೆದಿದ್ದೇನೆ. ನವೆಂಬರಿನಲ್ಲೇ ಬಂಗಲೆ ಕಟ್ಟುವ ಕಂಪನಿಯವರು ಬಂದು, ಅಲ್ಲಿನ ದೊಡ್ಡ ರೆಸ್ಟೋರೆಂಟು ನನಗೂ ಅಪ್ಪನಿಗೂ ಎಂದು ಮಾತು ಕೊಟ್ಟಿದ್ದರು. ಅಪ್ಪ ಕನಸು ಕಾಣತೊಡಗಿದರು, ನಾನೂ ಕಂಡೆ. ಬೆಳಿಗ್ಗೆ ದಂಡೆಗೆ ಹೋದರೆ ನೀನು ಒಂದನ್ನೂ ಬಿಡದೆ ಎಣಿಸುತ್ತೀ ಎಂದು ಗೊತ್ತಿತ್ತು. ಗಡಿಯಾರ ನೋಡಿಕೊಂಡೇ ಪಾಯಸ ಬಡಿಸಿದೆ. ಆ ಸುಳ್ಳಿನ ಕೆಳಗೆ ಬೀಳುವುದು ನಿನ್ನ ಸಹಿ ಎಂದು ಮಾತ್ರ ಹೊಳೆಯಲಿಲ್ಲ. 24ಕ್ಕೆ ಮೈಕಿನಲ್ಲಿ ಮೊದಲು ಹೇಳುವುದು ಇದನ್ನೇ. ಊರಿಗೆ ಗೊತ್ತಾಗುವ ಮೊದಲು ನಿನಗೆ ಗೊತ್ತಿರಲಿ.