ಒಗ್ಗರಣೆ ಮಾತ್ರ ಮನೆಯದು

ನಿಗಡಿ, ಪುಣೆ
೧೨ ಆಗಸ್ಟ್, ಮಂಗಳವಾರ

ಪ್ರೀತಿಯ ಮಾಮಿ,

ನಿಮ್ಮ ಸೊಸೆಯ ನಮಸ್ಕಾರ. ಮೊಣಕಾಲು ಹೇಗಿದೆ? ರಕ್ಷಿತಕ್ಕನ ಮನೆ ಮೂರನೇ ಮಹಡಿ, ಲಿಫ್ಟ್ ವಾರಕ್ಕೆರಡು ದಿನ ಕೆಟ್ಟಿರುತ್ತದೆ ಎಂದು ಅವರೇ ಹೇಳಿದ್ದರು, ಅದಕ್ಕೇ ಮೊದಲು ಅದನ್ನು ಕೇಳುತ್ತಿದ್ದೇನೆ. ತಳೇಗಾಂವದಲ್ಲಿ ಮಳೆ ಬಿಟ್ಟಿತೇ? ನಿಮ್ಮ ನೀಲಿ ಶಾಲು ಇಲ್ಲೇ ಉಳಿದಿತ್ತು, ಈ ಕಾಗದದ ಜೊತೆ ನಿಮ್ಮ ಮಗ ರಿತೇಶ್ ಕೈಯಲ್ಲಿ ಕಳಿಸುತ್ತಿದ್ದೇನೆ. ನೀವು ಫೋನ್ ಎತ್ತುವುದಿಲ್ಲ, ವಾಯ್ಸ್ ಮೆಸೇಜ್ ಕೇಳುವುದಿಲ್ಲ. ಆದರೆ ಕಡಲೆ ಕಟ್ಟಿಕೊಟ್ಟ ಹಾಳೆಯನ್ನೂ ಓದಿಯೇ ಬಿಸಾಡುವವರು ನೀವು, ಇದನ್ನು ಓದದೆ ಬಿಡಲಾರಿರಿ ಎಂಬ ಧೈರ್ಯ ನನಗೆ. ಇಂಗ್ಲಿಷ್ ಶಾಲೆಯಲ್ಲಿ ಕಲಿತವಳು, ಕಾಗುಣಿತ ತಪ್ಪಿದ್ದರೆ ರಕ್ಷಿತಕ್ಕನ ಮುಂದೆ ಜೋರಾಗಿ ಓದಬೇಡಿ.

ನೀವು ಹೋಗಿ ಒಂಬತ್ತು ದಿನ. ಮದುವೆಯಾದ ಹೊಸದರಲ್ಲಿ ನಾನು ಮನೆಯಿಡೀ ಹಾಡುತ್ತಾ ತಿರುಗುತ್ತಿದ್ದೆನಲ್ಲ, ಈಗ ಕುಕ್ಕರ್ ಮಾತ್ರ ಕೂಗುತ್ತದೆ. ಬೆಳಿಗ್ಗೆ ಮಾವ ಹೋಟೆಲಿಗೆ ಹೊರಡುವ ಮೊದಲು ಕಾಫಿ, ಆಮೇಲೆ ರಿತೇಶ್ ಡಬ್ಬಿ, ಮತ್ತೆ ಸಂಜೆಯವರೆಗೆ ಕಂಪ್ಯೂಟರ್ ಮುಂದೆ ಕೂತು ಯಾವುದೋ ದೇಶದ ಧಾರಾವಾಹಿಯ ಕೆಳಗೆ ಕನ್ನಡದ ಸಾಲು ಬರೆಯುವುದು. ಪಾತ್ರೆ ತೊಳೆಯುವ ಹೊತ್ತಿಗೆ ಕೈಯೇ ನನ್ನದಲ್ಲ ಅನ್ನಿಸುತ್ತದೆ. ಇದನ್ನು ನೀವು ಮೂವತ್ತು ವರ್ಷ ಹೇಗೆ ಮಾಡಿದಿರಿ ಮಾಮಿ?

ಆ ಭಾನುವಾರದ ವಿಷಯಕ್ಕೆ ಬರುತ್ತೇನೆ. ಟಿವಿಯಲ್ಲಿ ಮರಾಠಿ ಹಾಸ್ಯ ಕಾರ್ಯಕ್ರಮ. ಸೊಸೆಯ ತಂದೆತಾಯಿ ಊಟಕ್ಕೆ ಬರುವವರಿದ್ದಾರೆ ಎಂದು ಅತ್ತೆ ಹೋಟೆಲಿನಿಂದ ಪಾರ್ಸೆಲ್ ತರಿಸಿ, ಮನೆಯ ಪಾತ್ರೆಗೆ ಸುರಿದು, ಮೇಲೊಂದು ಒಗ್ಗರಣೆ ಕೊಟ್ಟು, ಬಡಿಸುವಾಗ ‘ಇವತ್ತು ಉಪ್ಪು ಸ್ವಲ್ಪ ಕಡಿಮೆಯಾಯಿತೇನೋ’ ಎಂದಳು. ನೀವು ಎದ್ದು ಟಿವಿ ಆರಿಸಿಬಿಟ್ಟಿರಿ. ಜೂನ್‌ನಲ್ಲಿ ನನ್ನ ಅಪ್ಪ ಅಮ್ಮ ಮಂಗಳೂರಿನಿಂದ ಬಂದಾಗ ನಮ್ಮ ಅಡುಗೆಮನೆಯಲ್ಲಿ ಆದದ್ದೂ ಅದೇ, ಉಪ್ಪಿನ ಮಾತೂ ಅದೇ. ನಮ್ಮದೇ ಹೋಟೆಲಿನ ಸಾಂಬಾರಿಗೆ ನೀವು ಒಗ್ಗರಣೆ ಕೊಡುವುದನ್ನು ಬಾಗಿಲಲ್ಲಿ ನಿಂತು ಕಂಡವಳು ನಾನೊಬ್ಬಳೇ. ನಾನು ಟಿವಿಗೆ ಕೆಲಸ ಮಾಡುವವಳು, ಟಿವಿಯವರೆಲ್ಲ ಒಂದೇ ಆಫೀಸಿನಲ್ಲಿ ಕೂತಿರುತ್ತಾರೆ ಎಂದು ನಿಮ್ಮ ನಂಬಿಕೆ. ‘ಮನೆಯ ಮಾತನ್ನು ಹೊರಗೆ ಮಾರುವವಳ ಜೊತೆ ನಾನು ಹೇಗೆ ಇರಲಿ’ ಎಂದು ಚೀಲ ತುಂಬಿ ಮಗಳ ಮನೆಗೆ ಹೊರಟಿರಿ. ಮಾವ ಸುಮ್ಮನಿರದೆ, ನಮ್ಮ ಸಾಂಬಾರು ಟಿವಿಗೆ ಬಂತಲ್ಲ, ಜಾಹೀರಾತಿನ ಖರ್ಚು ಉಳಿಯಿತು ಎಂದು ಉರಿಯುವ ಬೆಂಕಿಗೆ ತುಪ್ಪ ಸುರಿದರು. ಈಗ ಅವರೂ ಅರ್ಧ ಲೋಟ ಕಾಫಿ ಹಾಗೇ ಬಿಟ್ಟು ಹೋಗುತ್ತಾರೆ.

ನಾನು ಯಾರಿಗೂ ಹೇಳಿಲ್ಲ. ಬರಿಯ ಮಾತಿನಿಂದ ನೀವು ನಂಬುವುದಿಲ್ಲ ಎಂದು ಈ ಒಂಬತ್ತು ದಿನ ಕಣ್ಣು ಉರಿಯುವಷ್ಟು ಹಳೆಯ ಕಂತುಗಳನ್ನು ಹುಡುಕಿದ್ದೇನೆ. ಟರ್ಕಿಯ ಒಂದು ಧಾರಾವಾಹಿಯಲ್ಲಿ ಅತ್ತೆ ಬೇಕರಿಯ ತಿಂಡಿಯನ್ನು ತನ್ನ ತಟ್ಟೆಗೆ ಜೋಡಿಸಿ, ಕೆನ್ನೆಗೆ ಒಂಚೂರು ಹಿಟ್ಟು ಹಚ್ಚಿಕೊಂಡು ಬಾಗಿಲು ತೆಗೆಯುತ್ತಾಳೆ. ತಳ ಸ್ವಲ್ಪ ಹೊತ್ತಿತು, ಕ್ಷಮಿಸಿ ಎನ್ನುತ್ತಾಳೆ. ಅದು ಎಂಟು ವರ್ಷದ ಹಿಂದಿನದು. ಕೊರಿಯಾದ ಅತ್ತೆ ಅಂಗಡಿಯ ಉಪ್ಪಿನಕಾಯಿಯನ್ನು ಅಜ್ಜಿಯ ಕಾಲದ ಭರಣಿಗೆ ತುಂಬಿ, ಈ ಸಲ ಖಾರ ಸರಿಯಾಗಿ ಹಿಡಿಯಲಿಲ್ಲ ಎಂದು ನಿಟ್ಟುಸಿರು ಬಿಡುತ್ತಾಳೆ. ಇಂಗ್ಲೆಂಡಿನವಳು ಕೊಂಡು ತಂದ ಕಡುಬಿನ ಅಂಚನ್ನು ಫೋರ್ಕಿನಿಂದ ಒತ್ತಿ ಒತ್ತಿ ಸೊಟ್ಟ ಮಾಡುತ್ತಾಳೆ, ಅಂಗಡಿಯದ್ದು ಅಷ್ಟು ನೇರವಾಗಿರುತ್ತದಲ್ಲ. ಅದು ನಿಮ್ಮ ಮಗನಿಗಿಂತ ಹಳೆಯದು. ಇವರಲ್ಲಿ ಒಬ್ಬರಿಗೂ ಇನ್ನೊಬ್ಬರ ಭಾಷೆ ಬರುವುದಿಲ್ಲ, ನಿಗಡಿ ಎಲ್ಲಿದೆ ಎಂದೂ ಗೊತ್ತಿಲ್ಲ. ಆದರೂ ಎಲ್ಲರೂ ಕೊನೆಗೆ ಒಂದು ತಪ್ಪು ಒಪ್ಪಿಕೊಳ್ಳುತ್ತಾರೆ. ತಪ್ಪಿದ್ದರೆ ತಾನೇ ಅದು ಮನೆಯ ಅಡುಗೆ.

ಮೂರೂ ನೋಡಿ ಮುಗಿಸುವಷ್ಟರಲ್ಲಿ ನನಗೆ ನಗುವೇ ಸತ್ತುಹೋಗಿತ್ತು ಮಾಮಿ. ಆ ಹೆಂಗಸು ಬೆಳಿಗ್ಗೆಯಿಂದ ಎಷ್ಟು ಹೊತ್ತು ನಿಂತೇ ಇದ್ದಳು ಎಂದು ಒಂದು ದೇಶದವರೂ ತೋರಿಸುವುದಿಲ್ಲ. ನೀವು ಜೂನ್‌ನ ಆ ದಿನ ಐದಕ್ಕೇ ಎದ್ದು ಅಕ್ಕಿ ರುಬ್ಬಿ, ಅರವತ್ತು ನೀರುದೋಸೆ ಎರೆದು, ಅಪ್ಪನಿಗೆಂದು ಪತ್ರೊಡೆ ಕಟ್ಟಿದಿರಿ. ಸಾಂಬಾರಿನ ಹೊತ್ತಿಗೆ ಮೊಣಕಾಲು ಸೋತಿತು, ಅಷ್ಟೇ. ಅದೂ ನನಗೆ ಗೊತ್ತಿತ್ತು. ಇನ್ನೊಂದು ಹೇಳಲೇ? ಅಮ್ಮ ಇವತ್ತಿಗೂ ಫೋನ್ ಮಾಡಿದಾಗಲೆಲ್ಲ ಆ ಸಾಂಬಾರಿನ ಅಳತೆ ಕೇಳುತ್ತಾಳೆ. ಮಾಮಿ ಅದನ್ನು ಹೊಟ್ಟೆಯ ಮಗಳಿಗೂ ಹೇಳಿಕೊಟ್ಟಿಲ್ಲ ಎಂದು ಸಾಗಹಾಕಿದ್ದೇನೆ. ಮಾರುವವಳಾಗಿದ್ದರೆ ಮೊದಲು ಅಲ್ಲೇ ಮಾರುತ್ತಿದ್ದೆ.

ರಕ್ಷಿತಕ್ಕನಿಗೆ, ಭಾವನಿಗೆ ನನ್ನ ನೆನಪು ಹೇಳಿ. ರಾತ್ರಿ ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳಿ, ನಾಚಿಕೆ ಬೇಡ. ನಿಮ್ಮ ಆಶೀರ್ವಾದ ಮುನಿಸಿನಲ್ಲೂ ನನ್ನ ಮೇಲಿರಲಿ.

ನಿಮ್ಮ ಸೊಸೆ,
ಶ್ರದ್ಧಾ

ತಾ.ಕ.: ರಿತೇಶ್ ಕೆಳಗೆ ಬೈಕ್ ಶುರು ಮಾಡಿ ಹಾರ್ನ್ ಹೊಡೆಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಮೇಲಿನದೆಲ್ಲ ನಿಜ, ಆದರೆ ಮೂರು ದೇಶಗಳ ಬೆನ್ನ ಹಿಂದೆ ನಾನು ಅಡಗಿ ಕೂತಿದ್ದೇನೆ. ಯಾರಿಗೂ ಹೇಳಲಿಲ್ಲ, ಸರಿ. ಆದರೆ ಆ ಭಾನುವಾರ ಟಿವಿಯವಳು ಉಪ್ಪಿನ ಮಾತಿಗೆ ಇನ್ನೂ ಬಾಯಿ ತೆರೆಯುವ ಮೊದಲೇ ನಾನು ನಕ್ಕೆ. ಆಗ ನೀವು ಟಿವಿ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಿರಿ. ತಪ್ಪಾಯಿತು ಮಾಮಿ. ಬರುವ ಭಾನುವಾರ ಆಕುರ್ಡಿಯಿಂದ ಲೋಕಲ್ ರೈಲು ಹಿಡಿದು ಒಬ್ಬಳೇ ಬರುತ್ತೇನೆ. ಮಾತಾಡದಿದ್ದರೂ ಪರವಾಗಿಲ್ಲ, ಬಾಗಿಲನ್ನು ಮಾತ್ರ ನೀವೇ ತೆಗೆಯಬೇಕು.