ಅಂಬಿಕಾ ಹೊಂಬಳ ಅವರ ಸರಳಿನ ತುದಿ

ಎರಡನೆಯ ಬಿಸಿಲುತಿಂಗಳ ಮೂವತ್ತೆರಡನೆಯ ದಿನ,
ಮರುನೆಡುವಿಕೆಯ ನೂರಾ ಆರನೆಯ ವರ್ಷ.
(ನಿಮ್ಮ ಎಣಿಕೆಯಲ್ಲಿ 2187.)

ಅಂಬಿಕಾ,

ತಿಂಗಳಿಗೆ ಮೂವತ್ತೆರಡನೆಯ ದಿನ ಎಲ್ಲಿಂದ ಬಂತು ಎಂದು ಹುಬ್ಬು ಗಂಟಿಕ್ಕಬೇಡ. ನಮ್ಮ ಬಿಸಿಲುತಿಂಗಳುಗಳಿಗೆ ನಲವತ್ತು ದಿನ. ಮರುನೆಡುವಿಕೆ ಎಂದರೆ ಒಣಗಿಹೋದ ನೆಲದಲ್ಲಿ ಮತ್ತೆ ಮರ ನೆಟ್ಟ ವರ್ಷ, ನಮ್ಮ ಎಣಿಕೆ ಅಲ್ಲಿಂದ ಶುರು. ಈ ಪತ್ರದಲ್ಲಿ ನಿನಗೆ ಗೊತ್ತಿಲ್ಲದ ಮಾತುಗಳು ಇನ್ನೂ ಬರುತ್ತವೆ, ಬಂದಲ್ಲೇ ಬಿಡಿಸಿ ಹೇಳುತ್ತೇನೆ, ಕ್ಷಮಿಸು. ಹತ್ತಿರ ಹತ್ತಿರ ನೂರಾ ಅರವತ್ತು ವರ್ಷ ಹಿರಿಯಳಾದ ನಿನ್ನನ್ನು ನೀವು ಎಂದೇ ಕರೆಯಬೇಕಿತ್ತು. ಆದರೆ ನೀನು ಸಂಶೋಧನೆ ಬಿಟ್ಟು ಹೋದಾಗ ನಿನಗೆ ಇಪ್ಪತ್ತೊಂಬತ್ತು, ನನಗೀಗ ಮೂವತ್ತನಾಲ್ಕು. ಒಂದು ವರ್ಷದಿಂದ ನಿನ್ನ ಅಕ್ಷರ ಓದಿ ಓದಿ ಸಲುಗೆ ಬೆಳೆದಿದೆ. ನೀನು ಎಂದೇ ಬರೆಯುತ್ತೇನೆ.

ನನ್ನ ಹೆಸರು ಹೊನ್ನವ್ವ ಮುಂಡರಗಿ. ನೀನು ಓದಿದ ವಿಶ್ವವಿದ್ಯಾಲಯದಲ್ಲೇ ಸಂಶೋಧನೆ ಮಾಡುತ್ತಿದ್ದೇನೆ. ಅದೀಗ ಮೂರು ತಾಲ್ಲೂಕುಗಳಲ್ಲಿ ಹರಡಿದೆ, ಅರವತ್ತು ಸಾವಿರ ಜನ ಓದುತ್ತೇವೆ. ಇಲ್ಲಿ ಯಾರೂ ನೇರವಾಗಿ ತಮ್ಮ ಪ್ರಬಂಧ ಶುರು ಮಾಡುವಂತಿಲ್ಲ. ಹಿಂದಿನವರು ಅರ್ಧಕ್ಕೆ ಬಿಟ್ಟುಹೋದ ಒಂದು ಪ್ರಬಂಧವನ್ನು ಮೊದಲು ಮುಗಿಸಿಕೊಡಬೇಕು. ಅಂಥ ಪ್ರಬಂಧಕ್ಕೆ ಅರೆಗಟ್ಟು ಎನ್ನುತ್ತೇವೆ. ಮುಗಿದರೆ ಪದವಿ ಬಿಟ್ಟುಹೋದವರ ಹೆಸರಿಗೆ ಸೇರುತ್ತದೆ. ಒಂದು ವರ್ಷದಲ್ಲಿ ಮುಗಿಯದಿದ್ದರೆ ಅದನ್ನು ಮುಚ್ಚಿ, ಬರೆದವರ ಹೆಸರನ್ನು ಪಟ್ಟಿಯಿಂದ ತೆಗೆಯುತ್ತಾರೆ. ಕಟ್ಟಿನ ಕೊನೆಯಲ್ಲಿ, ಮುಗಿಸಿದವರು ಬಿಟ್ಟುಹೋದವರಿಗೆ ಒಂದು ಕಾಗದ ಬರೆದು ಹೊಲಿಸುವುದು ಪದ್ಧತಿ. ಅದು ತಲುಪುವುದಿಲ್ಲವೆಂದು ಎಲ್ಲರಿಗೂ ಗೊತ್ತು, ಆದರೂ ಬರೆಯುತ್ತೇವೆ.

ನನಗೆ ಸಿಕ್ಕಿದ್ದು ನಿನ್ನ ಅರೆಗಟ್ಟು. ನಾಲ್ಕು ಅಧ್ಯಾಯ, ನಾಲ್ಕು ವರ್ಷದ ಅಳತೆಯ ಪುಸ್ತಕಗಳು, ಚೀಟಿ ಕಟ್ಟಿದ ಒಂದು ಕಬ್ಬಿಣದ ಸರಳು. ಹೆಣ್ಣುಮಕ್ಕಳ ಹಾಸ್ಟೆಲಿನ ಹಿಂದಿನ ಎರೆಹೊಲದಲ್ಲಿ, ನೆಲ ಬಿರುಕು ಬಿಡಲು ಶುರುವಾದಾಗಿನಿಂದ ಮಳೆ ಬೀಳುವ ತನಕ, ಪ್ರತಿ ಶುಕ್ರವಾರ ಇಪ್ಪತ್ತಾರು ಬಿರುಕುಗಳೊಳಗೆ ಸರಳು ಇಳಿಸಿ ಆಳ ಬರೆದುಕೊಂಡಿದ್ದೀ. ಮೊದಲ ವರ್ಷ ಸರಾಸರಿ ಅರವತ್ತೊಂದು ಸೆಂಟಿಮೀಟರ್, ಆಮೇಲೆ ಅರವತ್ತು, ಅರವತ್ತಮೂರು, ಅರವತ್ತನಾಲ್ಕು. ಬಿರುಕುಗಳು ಆಳವಾಗುತ್ತಿವೆ ಎಂದು ಸೆಮಿನಾರಿನಲ್ಲಿ ಓದಿದೆ. ಜನ ಎದ್ದು ಚಪ್ಪಾಳೆ ತಟ್ಟಿದರು. ನಿನ್ನ ಮಾರ್ಗದರ್ಶಕರಾದ ಪ್ರೊಫೆಸರ್ ಅಣ್ಣಿಗೇರಿ ನಿನ್ನ ವರದಿಯ ಮೇಲೆ ಕೆಂಪು ಶಾಯಿಯಲ್ಲಿ ‘ಭೇಷ್’ ಎಂದು ಬರೆದರು. ಆರು ತಿಂಗಳಿಗೊಮ್ಮೆ ಅವರ ಸಹಿಗಾಗಿ ಬಾಗಿಲ ಮುಂದಿನ ಬೆಂಚಿನ ಮೇಲೆ ಎಷ್ಟು ಹೊತ್ತು ಕಾದೆ ಎಂಬುದನ್ನೂ ನೀನು ಪುಸ್ತಕದ ಅಂಚಿನಲ್ಲಿ ಬರೆದಿಟ್ಟಿದ್ದೀ. ಒಮ್ಮೆ ನಾಲ್ಕು ಗಂಟೆ. ಅದನ್ನು ಓದಿ ನಕ್ಕುಬಿಟ್ಟೆ, ಏಕೆಂದರೆ ಆ ಬೆಂಚು ಇನ್ನೂ ಅಲ್ಲೇ ಇದೆ.

ಕೊನೆಯ ಪುಸ್ತಕದ ಕೊನೆಯ ಬರಹ ಮೇ 23, 2025ರದ್ದು. ಸರಳಿನ ಗುರುತುಗಳು ಮಾಸಿವೆ ಎಂದು ಹೊಸ ಬಣ್ಣ ಹಚ್ಚಲು ಟೇಪು ಹಿಡಿದೆಯಂತೆ. ‘ತುದಿಯಲ್ಲಿ ಮೂರು ಸೆಂಟಿಮೀಟರ್ ಇಲ್ಲ. ಮುರಿದಿದೆ. ಯಾವಾಗಿನಿಂದ?’ ಇಷ್ಟೇ. ಮುಂದಿನ ಹಾಳೆಗಳೆಲ್ಲ ಖಾಲಿ. ಒಂದು ತಿಂಗಳ ನಂತರ ಹಾಸ್ಟೆಲ್ ಬಿಟ್ಟ ಚೀಟಿಯಿದೆ. ಕಾರಣ ಎಂಬಲ್ಲಿ ‘ಸ್ವಂತ’ ಎಂದು ಬರೆದಿದ್ದೀ.

ನಿನ್ನ ಮೇಲೆ ನನಗೆ ಸಿಟ್ಟು ಬಂದಿತ್ತು, ಹೇಳಿಯೇಬಿಡುತ್ತೇನೆ. ಗುರುತುಗಳನ್ನು ತುದಿಯಿಂದ ಎಣಿಸಿ ಹಾಕಿದ್ದರಿಂದ, ತುದಿ ಮುರಿದ ಸರಳು ಪ್ರತಿ ಬಿರುಕನ್ನೂ ಮೂರು ಸೆಂಟಿಮೀಟರ್ ಹೆಚ್ಚು ಆಳ ತೋರಿಸುತ್ತದೆ. ಮುರಿದ ದಿನ ಗೊತ್ತಿದ್ದರೆ ಅಲ್ಲಿಂದ ಮುಂದಿನ ಅಳತೆಗಳಲ್ಲಿ ಮೂರು ಕಳೆದರೆ ಆಯಿತು, ಒಂದು ಮಧ್ಯಾಹ್ನದ ಕೆಲಸ. ಗೊತ್ತಿಲ್ಲದಿದ್ದರೆ ನಾಲ್ಕು ವರ್ಷದ ಲೆಕ್ಕವೂ ನೀರಿನಲ್ಲಿ ಹೋಮ. ನೀನು ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಚಪ್ಪಾಳೆ ಬಿದ್ದ ಮೇಲೆ ಯಾವ ಬಾಯಲ್ಲಿ ಹೇಳುವುದು ಎಂದುಕೊಂಡಿರಬೇಕು. ಅದು ನನಗೆ ಅರ್ಥವಾಗುತ್ತದೆ. ನಾನೂ ಒಂದು ತಪ್ಪನ್ನು ಎರಡು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡು ತಿರುಗಿದವಳೇ, ಅದು ಇಲ್ಲಿ ಬೇಡ.

ನಮ್ಮ ದಿನಗಳು ಹೇಗಿರುತ್ತವೆ ಎಂದು ಸ್ವಲ್ಪ ಹೇಳುತ್ತೇನೆ. ಬಿಸಿಲುತಿಂಗಳುಗಳಲ್ಲಿ ಹತ್ತರಿಂದ ಐದರವರೆಗೆ ನೆರಳುಹೊತ್ತು, ಅಂದರೆ ಆ ವೇಳೆಯಲ್ಲಿ ಯಾರೂ ಬಯಲಿಗೆ ಹೋಗುವಂತಿಲ್ಲ. ತರಗತಿ, ಗ್ರಂಥಾಲಯ, ಊಟ, ಜಗಳ ಎಲ್ಲವೂ ನೆಲದಡಿಯ ಸಾಲುಮನೆಗಳಲ್ಲಿ ನಡೆಯುತ್ತವೆ. ಕೋಣೆಗೆ ಮೂವರು. ನನ್ನ ಜೊತೆಗಾರ್ತಿಯರಲ್ಲಿ ಒಬ್ಬಳು ಗೊರಕೆ ಹೊಡೆಯುತ್ತಾಳೆ, ಇನ್ನೊಬ್ಬಳು ಪ್ರಬಂಧದ ವಾಕ್ಯಗಳನ್ನು ಗಟ್ಟಿಯಾಗಿ ಓದಿ ತಾನೇ ತಲೆದೂಗುತ್ತಾಳೆ. ಮೆಸ್ಸಿನಲ್ಲಿ ವಾರಕ್ಕೆ ಐದು ದಿನ ರೊಟ್ಟಿ, ಎಣಗಾಯಿ. ‘ನಿಂದು ಯಾವಾಗ ಮುಗೀತದ?’ ಎಂದು ಸಂಶೋಧಕರನ್ನು ಯಾರೂ ಕೇಳಬಾರದೆಂದು ನಿಯಮವಿದೆ. ಕೇಳಿದವರು ಆ ದಿನ ಇಡೀ ಪಂಕ್ತಿಯ ತಟ್ಟೆ ತೊಳೆಯಬೇಕು. ಕಳೆದ ವಾರ ನಮ್ಮ ಕುಲಪತಿಗಳೇ ಬಾಯಿ ತಪ್ಪಿ ಕೇಳಿ ತೊಳೆದರು, ಚೆನ್ನಾಗಿಯೇ ತೊಳೆದರು.

ಪ್ರತಿ ಸಂಶೋಧಕರಿಗೂ ಇಬ್ಬರು ಮಾರ್ಗದರ್ಶಕರು. ಒಬ್ಬರು ವಿಷಯ ಬಲ್ಲವರು, ಇನ್ನೊಬ್ಬರು ಹೊರಗಣ್ಣು, ಅಂದರೆ ಆ ವಿಷಯದ ಗಂಧಗಾಳಿ ಇಲ್ಲದವರು. ನನ್ನ ಹೊರಗಣ್ಣು ಮೆಸ್ಸಿನ ರೊಟ್ಟಿ ಒಲೆಗಳನ್ನು ನೋಡಿಕೊಳ್ಳುವ ಫಕ್ಕೀರವ್ವ. ಹತ್ತು ತಿಂಗಳು ನಾನು ನಿನ್ನ ಅಂಕಿಗಳನ್ನೇ ಅಗೆದೆ. ಮೂರು ಸೆಂಟಿಮೀಟರಿನ ಜಿಗಿತ ಎಲ್ಲಾದರೂ ಕಂಡೀತೇ ಎಂದು ವಾರವಾರವೂ ಹೋಲಿಸಿದೆ. ಕಾಣಲಿಲ್ಲ. ಬಿರುಕುಗಳೇ ವಾರಕ್ಕೆ ನಾಲ್ಕೈದು ಸೆಂಟಿಮೀಟರ್ ಏರಿಳಿಯುತ್ತವೆ, ಅವುಗಳ ನಡುವೆ ಅದು ಅಡಗಿಹೋಗಿದೆ. ಮುಚ್ಚಲು ಆರು ವಾರ ಉಳಿದಾಗ ಫಕ್ಕೀರವ್ವನ ಮುಂದೆ ಕುಳಿತು ಅತ್ತೆ. ಆಕೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಲೇ ಇಲ್ಲ. ‘ಅಳಾದು ಆಮ್ಯಾಲೆ ಅಳು. ಆ ಸರಳು ಶುಕ್ರವಾರ ಬಿಟ್ಟು ಉಳದ ಆರು ದಿನ ಯಾರ ಕೈಯಾಗ ಇರ್ತಿತ್ತು?’ ಎಂದಳು. ಇಲಾಖೆಯ ಸಾಮಾನು ಕೋಣೆಯಲ್ಲಿ ಎಂದೆ. ‘ಕೋಣಿ ಕೀಲಿ ಯಾರ ಕಡೆ?’ ಅಟೆಂಡರ್ ಕಡೆ ಎಂದೆ. ‘ಹಂಗಾರ ಅವನ್ನ ಕೇಳವಾ ತಂಗಿ. ಪುಸ್ತಕ ಏನು ಕೇಳ್ತಿ?’

ಸತ್ತು ನೂರು ವರ್ಷ ದಾಟಿದವರನ್ನು ಎಲ್ಲಿ ಕೇಳುವುದು? ಕಡತಮನೆಗೆ ಹೋದೆ. ಹಳೆಯ ಕಚೇರಿ ಕಾಗದಗಳನ್ನೆಲ್ಲ ಅಲ್ಲಿ ತಂಪಿನಲ್ಲಿ ಇಟ್ಟಿದ್ದಾರೆ, ಮೊಮ್ಮಕ್ಕಳಂತೆ ಜೋಪಾನ ಮಾಡುತ್ತಾರೆ. ನಿನ್ನ ಇಲಾಖೆಯ ಅಟೆಂಡರ್ ಹೆಸರು ದಾವಲಸಾಬ ನದಾಫ ಎಂದು ಸಿಕ್ಕಿತು. ಹುಡುಕಾಟದ ಹತ್ತೊಂಬತ್ತನೆಯ ದಿನ ಅವರ ಅರ್ಜಿಯೂ ಸಿಕ್ಕಿತು. ಯಥಾವತ್ತಾಗಿ ಇಲ್ಲಿ ಬರೆಯುತ್ತೇನೆ.

‘ವಿಷಯ: ಕಬ್ಬಿಣದ ಸರಳು ಮುರಿದಿರುವ ಬಗ್ಗೆ. ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಇಂದು ದಿನಾಂಕ 11-03-2024ರಂದು ಸಾಮಾನು ಕೋಣೆಯ ಕೊಂಡಿ ಸಿಕ್ಕಿಕೊಂಡಿದ್ದರಿಂದ ಸದರಿ ಸರಳಿನಿಂದ ಮೀಟಲಾಗಿ ತುದಿ ಮುರಿದಿರುತ್ತದೆ. ಹೊಂಬಳ ಮೇಡಂ ಅವರ ಅಳತೆಗೆ ತೊಂದರೆ ಆಗಬಹುದಾದ ಕಾರಣ ಬೇರೆ ಸರಳು ಕೊಡಿಸಿ ಅವರಿಗೆ ತಿಳಿಸಬೇಕಾಗಿ ಪ್ರಾರ್ಥನೆ. ಮುರಿದ ತುದಿಯನ್ನು ಲಗತ್ತಿಸಿದೆ.’

ಓದಿದೆಯಾ? ಅವರು ಅದೇ ದಿನ ಬರೆದರು. ನಿನ್ನ ಹೆಸರು ಹಾಕಿ ಬರೆದರು. ಅರ್ಜಿ ಕೊಟ್ಟರೆ ಹೇಳಿದಂತೆಯೇ ಎಂದು ಆ ಮನುಷ್ಯ ನಂಬಿದ್ದರು. ಅರ್ಜಿ ಮುಖ್ಯಸ್ಥರ ಮೇಜಿನಿಂದ ಕಚೇರಿಗೆ, ಅಲ್ಲಿಂದ ಉಗ್ರಾಣಕ್ಕೆ, ಅಲ್ಲಿಂದ ಇಂಜಿನಿಯರಿಂಗ್ ವಿಭಾಗಕ್ಕೆ ಹೋಗಿ ಹದಿನಾಲ್ಕು ತಿಂಗಳು ತಿರುಗಿ ಬಂದಿದೆ. ಕೊನೆಯ ಟಿಪ್ಪಣಿ: ‘ಬದಲಿ ಸರಳು ಲಭ್ಯವಿಲ್ಲ. ಕಡತಕ್ಕೆ ಸೇರಿಸಿ.’ ದಿನಾಂಕ ಮೇ 13, 2025. ನೀನು ‘ಯಾವಾಗಿನಿಂದ?’ ಎಂದು ಬರೆದ ದಿನ, ಉತ್ತರ ನಿನ್ನ ಇಲಾಖೆಯ ಕಪಾಟಿನಲ್ಲೇ ಹತ್ತು ದಿನದಿಂದ ಕುಳಿತಿತ್ತು. ಫಕ್ಕೀರವ್ವನಿಗೆ ಹೇಳಿದೆ. ‘ಕಂಕುಳಾಗ ಕೂಸು ಇಟಗೊಂಡು ಊರೆಲ್ಲ ಹುಡಿಕ್ಯಾಳ, ಪಾಪ’ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನೀನು ಊರೆಲ್ಲ ಹುಡುಕಲೂ ಇಲ್ಲ, ಅಂಬಿಕಾ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

2024ರ ಮಾರ್ಚ್ ಹದಿನೈದರ ಶುಕ್ರವಾರದಿಂದ ಮುಂದಿನ ಎಲ್ಲ ಅಳತೆಗಳಲ್ಲಿ ಮೂರು ಕಳೆದೆ; ಆ ಮೂರನೆಯ ವರ್ಷದ ಮೊದಲ ವಾರಗಳ ಅಳತೆ ಸರಿಯಾಗಿಯೇ ಇದ್ದದ್ದರಿಂದ ಅದರ ಸರಾಸರಿ ಎರಡೇ ಇಳಿಯಿತು. ಅರವತ್ತೊಂದು, ಅರವತ್ತು, ಅರವತ್ತೊಂದು, ಅರವತ್ತೊಂದು. ಬಿರುಕುಗಳು ಆಳವಾಗುತ್ತಿರಲಿಲ್ಲ. ಸೆಮಿನಾರಿನಲ್ಲಿ ನೀನು ಓದಿದ್ದು ತಪ್ಪು. ಅದನ್ನು ಐದನೆಯ ಅಧ್ಯಾಯದಲ್ಲಿ ಹಾಗೆಯೇ ಬರೆದಿದ್ದೇನೆ, ಬೆಲ್ಲ ಸವರಲಿಲ್ಲ.

ಮೊನ್ನೆ ಕೇಳುಕಟ್ಟೆಯ ಮೇಲೆ ಅದನ್ನು ಓದಿದೆ. ಪ್ರಬಂಧವನ್ನು ಬಯಲಲ್ಲಿ ಕಟ್ಟೆಯ ಮೇಲೆ ಓದುತ್ತೇವೆ, ಯಾರು ಬೇಕಾದರೂ ಬಂದು ಪ್ರಶ್ನೆ ಕೇಳಬಹುದು. ಹಿಂದಿನ ಸಾಲಿನಿಂದ ಒಬ್ಬ ಯಜಮಾನರು ಎದ್ದು, ‘ಏನೂ ಬದಲಾಗಿಲ್ಲ ಅಂತ ಹೇಳಾಕ ನಾಕು ವರ್ಷ ಬೇಕಾತೇನು? ಆ ಹುಡುಗಿ ಮಾಡಿದ್ದರ ಏನು?’ ಎಂದರು. ನಾನು ಉತ್ತರ ಜೋಡಿಸಿಕೊಳ್ಳುವ ಮೊದಲೇ ಫಕ್ಕೀರವ್ವ ಕೂತಲ್ಲಿಂದಲೇ, ‘ಅಳದಾಳ್ರೀ ಯಜಮಾನ್ರ. ನಿಮ್ಮ ಅಜ್ಜ ಅಳದಿದ್ನೇನು?’ ಎಂದಳು. ಕಟ್ಟೆಯೆಲ್ಲ ನಕ್ಕಿತು, ಯಜಮಾನರೂ ನಕ್ಕರು. ಆಮೇಲೆ ನಾನು ಹೇಳಬೇಕಾದದ್ದನ್ನು ಹೇಳಿದೆ. ಅದೇ ಹೊಲದಲ್ಲಿ ಈಗ ಬಿರುಕಿನ ಆಳ ತೊಂಬತ್ತೆರಡು. ಮೊದಲು ಎಷ್ಟಿತ್ತು ಎಂದು ಈ ಸುತ್ತಿನ ನಾಲ್ಕು ಜಿಲ್ಲೆಗಳಲ್ಲಿ ಬರೆದಿಟ್ಟವರು ಯಾರೂ ಇರಲಿಲ್ಲ, ನೀನೊಬ್ಬಳೇ ಇದ್ದೆ. ನಾವು ಎಷ್ಟು ಕಳೆದುಕೊಂಡಿದ್ದೇವೆ ಎಂದು ನಿನ್ನ ಅರವತ್ತೊಂದರಿಂದ ಮಾತ್ರ ಹೇಳಬಹುದು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಟ್ಟೆಯ ಮೇಲೆ ಆ ರೂಢಿ ಇಲ್ಲ. ಒಪ್ಪಿದವರು ಎದ್ದು ನಿಲ್ಲುತ್ತಾರೆ. ಎಲ್ಲರೂ ಎದ್ದು ನಿಂತರು.

ಪದವಿ ನಿನ್ನ ಹೆಸರಿಗೆ ಸೇರಿದೆ. ಡಾ. ಅಂಬಿಕಾ ಹೊಂಬಳ. ಕೃತಜ್ಞತೆಯ ಪುಟದಲ್ಲಿ ಮೊದಲ ಹೆಸರು ದಾವಲಸಾಬ ನದಾಫ ಅವರದ್ದು, ನಿನ್ನನ್ನು ಕೇಳದೆಯೇ ಹಾಕಿದ್ದೇನೆ. ನಾಳೆಯಿಂದ ನನ್ನ ಸ್ವಂತ ಪ್ರಬಂಧ.

ಈ ಕಾಗದ ನಿನಗೆ ತಲುಪುವುದಿಲ್ಲ, ಗೊತ್ತು. ಆದರೂ ಪದ್ಧತಿಯಂತೆ ಒಂದು ಕೋರಿಕೆ. ಟೇಪು ಹಿಡಿದ ಆ ಶುಕ್ರವಾರ ಪುಸ್ತಕ ಮುಚ್ಚಬೇಡ. ಎದ್ದು ಕಾರಿಡಾರಿನ ತುದಿಗೆ ಹೋಗು. ಸ್ಟೂಲಿನ ಮೇಲೆ ದಾವಲಸಾಬ ಕುಳಿತಿರುತ್ತಾರೆ. ಸರಳು ತೋರಿಸಿ, ಏನಾಯ್ತು ಎಂದು ಕೇಳು. ಅವರು ಹದಿನಾಲ್ಕು ತಿಂಗಳಿಂದ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದಾರೆ.

ನಿನ್ನ,
ಹೊನ್ನವ್ವ ಮುಂಡರಗಿ

ಅಡಕ: ಸರಳಿನ ತುದಿ, ಒಂದು. ಇಟ್ಟು ನೋಡಿದೆ, ಸರಿಯಾಗಿ ಕೂರುತ್ತದೆ.